ಬಚ್ಚಲಿಗೆ ಬಂದ ವಿಜ್ಞಾನಿ

ಕಥೆಯೊಳಗೆ ಒಬ್ಬ ವಿಜ್ಞಾನಿ ಯಾರ ಕಣ್ಣಿಗೂ ಕಾಣದವನಾದ ಅಂತ ಯಾರಾದರೂ ಹೇಳಲು ಶುರು ಮಾಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೊಮ್ಮಕ್ಕಳು ಟಿವಿಯಲ್ಲಿ ಅಂಥದ್ದೇನಾದರೂ ಹಾಕಿಕೊಂಡು ಕೂತರೆ ನಾನು ಎದ್ದು ಒಳಗೆ ಹೋಗುತ್ತೇನೆ. ಅಜ್ಜಿಗೆ ದೆವ್ವದ ಭಯ ಅಂತ ಅವು ನಗುತ್ತವೆ. ನಗಲಿ. ದೆವ್ವಕ್ಕೆ ನಾನು ಹೆದರುವುದಿಲ್ಲ. ಓದಿದ, ಇಸ್ತ್ರಿ ಅಂಗಿಯ, ಊರಿನಿಂದೆಲ್ಲ ಸರ್ ಅನ್ನಿಸಿಕೊಳ್ಳುವ ಮನುಷ್ಯನ ಕೈಗೆ ಆ ಶಕ್ತಿ ಸಿಕ್ಕರೆ ಅವನು ಮೊದಲು ಎಲ್ಲಿಗೆ ಹೋಗುತ್ತಾನೆ ಅನ್ನುವುದು ನನಗೆ ಗೊತ್ತಿದೆ. ಅವನು ನಮ್ಮ ಮನೆಯ ಬಚ್ಚಲಿಗೆ ಬಂದಿದ್ದ.

ಎಪ್ಪತ್ತರ ದಶಕದ ನಡುವಿನ ಮಾತು. ದೊಡ್ಡ ಬರಗಾಲ ಮುಗಿದು ಎರಡು ಮೂರು ವರ್ಷ ಆಗಿತ್ತು. ಸೊಲ್ಲಾಪುರದ ಒಂದು ಹಳೆ ಪೇಠೆಯಲ್ಲಿ ನಮ್ಮ ಮನೆ. ಅಪ್ಪನದು ಚಾದರ, ಟವೆಲ್ಲಿನ ಅಂಗಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಜಗಳ ಬಂದರೆ ಎರಡೂ. ಅಕ್ಕ ಮತ್ತು ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ. ಅವ್ವ ಕನ್ನಡದ ಹಳ್ಳಿ ಭಂಡಾರಕವಠೆಯವಳು. ಪೇಠೆಯ ಮರಾಠಿ ಅವಳಿಗೆ ತಿಳಿಯುತ್ತಿತ್ತು, ಪುಸ್ತಕದ ಮರಾಠಿ ತಿಳಿಯುತ್ತಿರಲಿಲ್ಲ. ಹಾಗಾಗಿ ಕಥೆ ಕಾದಂಬರಿ ಏನೇ ಬಂದರೂ ನಾನು ಓದುತ್ತ ಓದುತ್ತಲೇ ಕನ್ನಡದಲ್ಲಿ ಹೇಳಬೇಕು, ಅವ್ವ ಕೆಲಸ ಮಾಡುತ್ತ ಕೇಳಬೇಕು. ಅದು ನಮ್ಮ ಮಧ್ಯಾಹ್ನದ ಪದ್ಧತಿ.

ಮೇಲಿನ ಖೋಲಿಯನ್ನು ಅಪ್ಪ ಒಬ್ಬ ಪ್ರಾಧ್ಯಾಪಕರಿಗೆ ಬಾಡಿಗೆಗೆ ಕೊಟ್ಟಿದ್ದರು. ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತಿದ್ದರು. ಮೂವತ್ತೈದರ ಆಸುಪಾಸು, ಲಗ್ನವಾಗಿರಲಿಲ್ಲ. ಊರು ಪುಣೆಯ ಕಡೆ. ನಮ್ಮ ಮನೆಯಲ್ಲಿ ಮೂರು ವರ್ಷ ಇದ್ದು ಕನ್ನಡ ಪೂರಾ ತಿಳಿಯುತ್ತಿತ್ತು, ಮಾತು ಮಾತ್ರ ಮರಾಠಿಯಲ್ಲೇ. ಮೆಟ್ಟಿಲು ಇಳಿಯುವ ಮೊದಲು ಕೆಮ್ಮುತ್ತಿದ್ದರು, ಅಂಗಳದಲ್ಲಿ ಹೆಣ್ಣುಮಕ್ಕಳಿದ್ದರೆ ಸೆರಗು ಸರಿಮಾಡಿಕೊಳ್ಳಲಿ ಅಂತ. ಆ ಕೆಮ್ಮಿಗೆ ಇಡೀ ಪೇಠೆಯಲ್ಲಿ ಹೆಸರು. "ಸರ್ ಅಂದ್ರ ಸರ್. ಕೆಮ್ಮದ ಕೆಳಗ ಇಳಿಯಂಗಿಲ್ಲ" ಅಂತ ಅವ್ವ ಕಂಡಕಂಡವರಿಗೆ ಹೇಳುತ್ತಿದ್ದಳು. ಅಕ್ಕ ಆ ಕೆಮ್ಮನ್ನು ಅನುಕರಿಸಿ ನನ್ನನ್ನು ನಗಿಸುತ್ತಿದ್ದಳು. ಬಹುವಚನ ಇಲ್ಲಿಗೆ ಸಾಕು. ಇನ್ನು ಮುಂದೆ ಅವನು ಅಂತಲೇ ಬರೆಯುತ್ತೇನೆ.

ನಮ್ಮ ಬಚ್ಚಲು ಹಿಂದಿನ ಅಂಗಳದಲ್ಲಿತ್ತು. ಸುತ್ತ ಆಳೆತ್ತರದ ಗೋಡೆ, ತಗಡಿನ ಬಾಗಿಲು. ನೀರು ಕಾಯಿಸುವ ತಾಮ್ರದ ಬಂಬ ಅಲ್ಲೇ ಇದ್ದದ್ದರಿಂದ ಹೊಗೆ ಹೋಗಲಿ ಅಂತ ಅರ್ಧ ಸೂರು ಹಾಕಿರಲಿಲ್ಲ. ಮೇಲಿನ ಖೋಲಿಯ ಹಿಂದಿನ ಕಿಡಕಿ ಸರಿಯಾಗಿ ಆ ಅರ್ಧಕ್ಕೆ ನೋಡುತ್ತಿತ್ತು. ಅವನು ಖೋಲಿಗೆ ಬಂದ ದಿನವೇ ಅಪ್ಪ, "ಸರ್, ಆ ಹಿಂದಿನ ಕಿಡಕಿ ಮುಂಜಾನಿ ತೆಗಿಬ್ಯಾಡ್ರಿ" ಅಂದಿದ್ದರು. ಅವನು ಎರಡೂ ಕೈ ಮುಗಿದು, ಅದನ್ನೂ ಹೇಳಬೇಕೇ ಅಂದಿದ್ದ. ಕಿಡಕಿ ಯಾವಾಗಲೂ ಮುಚ್ಚಿಯೇ ಇರುತ್ತಿತ್ತು. ಹಳೆ ಮರದ ಕಿಡಕಿಗೆ ಸೀಳು ಇರುತ್ತದೆ ಅನ್ನುವುದು ನಮ್ಮ ತಲೆಗೆ ಬರಲಿಲ್ಲ.

ಅಕ್ಕನ ಬೆನ್ನಿನ ಮೇಲೆ, ಎಡ ಹೆಗಲಿನ ಕೆಳಗೆ, ಅಂಗೈ ಅಗಲದ ಬಿಳಿ ಕಲೆ ಇತ್ತು. ಅದರ ನಡುವೆ ಒಂದು ಕರಿ ಮಚ್ಚೆ. ಹನ್ನೆರಡು ವರ್ಷದವಳಿದ್ದಾಗ ಬಂದದ್ದು, ಅಲ್ಲಿಗೇ ನಿಂತಿತ್ತು. ಇದು ಹಬ್ಬುವ ಜಾತಿಯದಲ್ಲ, ಯಾರಿಗೂ ಅಂಟುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಆದರೆ ತೊನ್ನು ಅನ್ನುವ ಒಂದು ಶಬ್ದ ಬಿದ್ದರೆ ಹುಡುಗಿಯ ಲಗ್ನ ಮುಗಿಯಿತು. ನನ್ನ ಲಗ್ನವೂ ಮುಗಿಯಿತು, ನಮ್ಮ ಸೋದರತ್ತೆಯ ಮಕ್ಕಳ ಲಗ್ನವೂ ಮುಗಿಯಿತು. ಆದ್ದರಿಂದ ಅವ್ವ, ಅಪ್ಪ, ನಾನು ಮೂವರನ್ನು ಬಿಟ್ಟರೆ ಆ ಕಲೆ ಯಾರಿಗೂ ಗೊತ್ತಿರಲಿಲ್ಲ. ಅಕ್ಕನ ಜಂಪರುಗಳನ್ನು ಅವ್ವ ಮನೆಯಲ್ಲೇ ಹೊಲಿಯುತ್ತಿದ್ದಳು, ಕತ್ತಿನವರೆಗೆ ಮುಚ್ಚುವಂತೆ. ಸೊಲ್ಲಾಪುರದ ಬೇಸಿಗೆಯಲ್ಲಿ ಅಂಥ ಜಂಪರು ಹಾಕಿಕೊಂಡು ನೋಡಿ, ಗೊತ್ತಾಗುತ್ತದೆ. ಅಕ್ಕ ಬೆವರಿನಲ್ಲಿ ತೊಯ್ದು ಕೂತಿರುತ್ತಿದ್ದಳು, ಕೇಳಿದವರಿಗೆ "ನನಗ ಥಂಡಿ ಜಾಸ್ತಿರಿ" ಅನ್ನುತ್ತಿದ್ದಳು.

ಆ ವರ್ಷ ದಸರೆಯ ಹೊತ್ತಿಗೆ ಅಕ್ಕಲಕೋಟದಿಂದ ಒಂದು ಸಂಬಂಧ ಬಂದಿತ್ತು. ತೊಗರಿ ಬೇಳೆಯ ವ್ಯಾಪಾರಸ್ಥರು. ಹುಡುಗ ಬಿ.ಕಾಂ. ಮುಗಿಸಿ ಅಂಗಡಿಯಲ್ಲೇ ಕೂಡುತ್ತಿದ್ದ. ಹೆಣ್ಣು ನೋಡಲು ಬಂದಾಗ ಉಳಿದವರು ಅಡುಗೆ, ಹಾಡು, ಹಸೆ ಅಂತ ಕೇಳಿದರೆ ಅವನು, "ನಿಮಗ ಓದಾಕ ಏನ ಸೇರ್ತದ್ರಿ?" ಅಂತ ಕೇಳಿದ. ಅಕ್ಕ, "ಮುಗಿಯದಂಥಾವು" ಅಂದಳು. ಅವನು ಬಾಯಿ ತುಂಬ ನಕ್ಕ. ಅಂದಿನಿಂದ ಅಕ್ಕನ ನಡಿಗೆಯೇ ಬೇರೆಯಾಯಿತು. ನನಗಿಂತ ನಾಲ್ಕು ವರ್ಷ ದೊಡ್ಡವಳು, ನನ್ನನ್ನು ಹಿಡಿದು ಅಂಗಳದಲ್ಲಿ ಗಿರಗಿರ ತಿರುಗಿಸಿದಳು. ಅವತ್ತೇ ಅವ್ವನಿಗೆ ಹೇಳಿದಳು, "ಅವರಿಗಿ ನಾನ ಹೇಳತೀನಿ ಅವ್ವ, ಬೆನ್ನಿಂದು. ಕೇಳಿ ನಗೂ ಮನಿಷಾ ಕಾಣಸ್ತಾನ."

"ತಾಳಿ ಬೀಳ್ಲಿ. ಆಮ್ಯಾಲ ಹೇಳೀಯಂತ" ಅಂದಳು ಅವ್ವ. ಮಾತು ಅಲ್ಲಿಗೆ ಮುಗಿಯಿತು. ಸಕ್ಕರೆ ಪೊಟ್ಟಣ ಕೊಟ್ಟು ನಿಶ್ಚಯ ಮಾಡುವ ಸಾಖರಪುಡಾ ಸಂಕ್ರಾಂತಿ ಕಳೆದ ಮೇಲೆ ಅಂತ ಗೊತ್ತಾಯಿತು.

ನಮ್ಮ ಕಡೆ ದೀಪಾವಳಿ ಅಂದರೆ ಚಕ್ಕುಲಿ, ಕರ್ಚಿಕಾಯಿ, ಪಟಾಕಿ, ಮತ್ತು ದಿವಾಳಿ ಅಂಕ. ಮರಾಠಿಯ ಸಣ್ಣ ದೊಡ್ಡ ಪತ್ರಿಕೆಗಳೆಲ್ಲ ಹಬ್ಬಕ್ಕೆ ದಪ್ಪ ವಿಶೇಷಾಂಕ ತರುತ್ತವೆ. ಓದದವರ ಮನೆಯಲ್ಲೂ ಒಂದು ಇರಬೇಕು. ವಾಚನಾಲಯದಲ್ಲಿ ಅವಕ್ಕೆ ಸಾಲು ಹಚ್ಚುತ್ತಾರೆ. ಪಾಡ್ಯದ ದಿನ ಅವನು ಹೊಸ ಅಂಗಿ ಹಾಕಿಕೊಂಡು, ಕೆಮ್ಮಿ, ಕೆಳಗಿಳಿದು ಬಂದು ಅಪ್ಪನ ಕೈಗೆ ಪೇಢೆಯನ್ನೂ ಸೊಲ್ಲಾಪುರದ್ದೇ ಒಂದು ದಿವಾಳಿ ಅಂಕವನ್ನೂ ಕೊಟ್ಟ. ಅದರಲ್ಲಿ ಅವನ ಕಥೆ ಬಂದಿತ್ತು. ವಿಜ್ಞಾನ ಕಥೆ. ಮರಾಠಿಯಲ್ಲಿ ಇದು ಹೊಸದು, ಮುಂದಿನ ಯುಗ ಇದರದ್ದೇ ಅಂತ ಅವನು ಅಪ್ಪನಿಗೆ ವಿವರಿಸಿದ. ಅಪ್ಪ ಪೇಢೆಯನ್ನು ಕಣ್ಣಿಗೊತ್ತಿಕೊಂಡರು.

ಮಧ್ಯಾಹ್ನ ಅಡುಗೆಮನೆಯಲ್ಲಿ ನಾನು ಓದಲು ಕೂತೆ. ಅವ್ವ ಒಲೆಯ ಮುಂದೆ, ಅಕ್ಕ ಚಕ್ಕುಲಿ ಒತ್ತುತ್ತಿದ್ದಳು. ಕಥೆಯ ವಿಜ್ಞಾನಿ ಬೆಳಕನ್ನು ಬಾಗಿಸುವ ಒಂದು ದ್ರವ ಕಂಡುಹಿಡಿಯುತ್ತಾನೆ. ಮೈಗೆ ಹಚ್ಚಿಕೊಂಡರೆ ಮನುಷ್ಯ ಕಾಣುವುದಿಲ್ಲ. ಮೊದಲು ಅವನು ಪ್ರಿನ್ಸಿಪಾಲರ ಟೊಪ್ಪಿಗೆ ಹಾರಿಸುತ್ತಾನೆ, ಹೋಟೆಲಿನವನ ಭಜಿ ತಿನ್ನುತ್ತಾನೆ. ಅವ್ವ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡಳು. ಆಮೇಲೆ ವಿಜ್ಞಾನಿ ತನ್ನ ಪೇಠೆಯ ಮನೆ ಮನೆ ಹೊಗುತ್ತಾನೆ. ಬೆಳಗಿನ ಗಿರಣಿಯ ಭೋಂಗಾ ಕೂಗಿದ ಹೊತ್ತಿಗೆ ಒಂದು ಮನೆಯ ಹಿಂದಿನ ಅಂಗಳಕ್ಕೆ ಬರುತ್ತಾನೆ. ಭೋಂಗಾ ಆದ ಕೂಡಲೇ ಸ್ನಾನಕ್ಕೆ ಹೋಗುವವಳು ನಮ್ಮ ಅಕ್ಕ. ನಾನು ಓದುತ್ತಲೇ ಹೋದೆ. ಬಂಬದ ಹೊಗೆ, ತಗಡಿನ ಬಾಗಿಲು, ಬೆನ್ನು ತಿರುಗಿಸಿ ಕೂತ ಹುಡುಗಿ. ಎಡ ಹೆಗಲಿನ ಕೆಳಗೆ ಬಿಳಿ ಕಲೆ. ನಡುವೆ ಕರಿ ಮಚ್ಚೆ.

ನನ್ನ ಬಾಯಿ ನಿಂತಿತು.

"ಯಾಕ ನಿಂತಿ?" ಅಂದಳು ಅಕ್ಕ. ಅವಳ ಕೈಯಲ್ಲಿ ಚಕ್ಕುಲಿಯ ಒರಳು ಹಾಗೇ ಇತ್ತು. "ಓದ. ಮುಂದ ಏನ ಮಾಡ್ತಾನ ನೋಡೂಣು."

ಮುಂದೆ ಅವನು ಮಾಡಿದ್ದು ಇದು. ಹುಡುಗಿಯನ್ನು ನೋಡಲು ವರನ ಕಡೆಯವರು ಬಂದಾಗ ಕಾಣದ ವಿಜ್ಞಾನಿ ವರನ ಪಕ್ಕ ನಿಂತು ಕಿವಿಯಲ್ಲಿ, ಬೆನ್ನು ನೋಡು, ಬೆನ್ನು ನೋಡು ಅಂತ ಪಿಸುಗುಡುತ್ತಾನೆ. ವರ ಅವಲಕ್ಕಿಯ ತಾಟು ಬಿಟ್ಟು ಓಡುತ್ತಾನೆ. ಹುಡುಗಿಯ ತಂದೆ ತಲೆ ಮೇಲೆ ಕೈ ಹೊತ್ತು ಕೂಡುತ್ತಾನೆ. ವಿಜ್ಞಾನಿ ಮನೆಗೆ ಬಂದು ಮೈ ತೊಳೆದುಕೊಂಡು, ಕನ್ನಡಿಯಲ್ಲಿ ತನ್ನ ಮುಖ ನೋಡಿ, ವಿಜ್ಞಾನದಿಂದ ಒಬ್ಬ ಅಮಾಯಕ ಇವತ್ತು ಮೋಸದಿಂದ ಪಾರಾದ ಅಂತ ಸಮಾಧಾನದಿಂದ ಚಹಾ ಕುಡಿಯುತ್ತಾನೆ. ಕಥೆ ಮುಗಿಯಿತು. ಅದು ವಿನೋದ ಕಥೆ.

ನನ್ನ ಸಿಟ್ಟು ಇವತ್ತಿಗೂ ಆರದೆ ಇರುವುದು ಇಲ್ಲೇ. ಅಯ್ಯಾ, ನಿನ್ನ ಕೈಗೆ ನೀನೇ ಅಷ್ಟು ದೊಡ್ಡ ಶಕ್ತಿ ಕೊಟ್ಟುಕೊಂಡೆ. ಬರದಲ್ಲಿ ಜನ ರಸ್ತೆಗೆ ಖಡಿ ಕಲ್ಲು ಒಡೆದು ಹೊಟ್ಟೆ ಹೊರೆದ ಜಿಲ್ಲೆಯಲ್ಲಿ ಕೂತು ಬರೆಯುತ್ತಿದ್ದೆ. ರೇಶನ್ ಅಂಗಡಿಯ ಹಿಂದಿನ ಬಾಗಿಲಿನಿಂದ ಸಕ್ಕರೆ ಎಲ್ಲಿಗೆ ಹೋಗುತ್ತದೆ ಅಂತ ನೋಡಿ ಬರಬಹುದಿತ್ತು. ಚಿಮಣಿ ಎಣ್ಣೆಯ ಡಬ್ಬಿಗಳು ಯಾರ ಗೋದಾಮಿನಲ್ಲಿವೆ ಅಂತ ನೋಡಬಹುದಿತ್ತು. ಕಾಗದದ ಮೇಲೆ ಖರ್ಚೇನು ಬರುತ್ತಿತ್ತು? ಎಲ್ಲ ಬಿಟ್ಟು ಬಚ್ಚಲಿಗೆ ಬಂದೆ. ಬೆಳಕು ಬಾಗುವ ಬಗ್ಗೆ ಎರಡು ಪುಟ ಬರೆದ ಜಾಣ, ನಿನ್ನ ಕಲ್ಪನೆ ಮಾತ್ರ ಒಂದು ಕಿಡಕಿಯ ಸೀಳು ದಾಟಿ ಆಚೆ ಹೋಗಲಿಲ್ಲ. ಅದೂ ಕಲ್ಪನೆಯಲ್ಲ. ಅವನು ಕಣ್ಣಾರೆ ನೋಡಿದ್ದನ್ನು ಬರೆದು ಅದಕ್ಕೆ ವಿಜ್ಞಾನದ ಟೊಪ್ಪಿಗೆ ಹಾಕಿದ್ದ. ನೋಡುವಾಗ ಒಂದು ಸಲವಾದರೂ ಕೆಮ್ಮಲಿಲ್ಲ.

ಕಥೆ ಕೇಳಿದ ಅವ್ವ ಮೊದಲು ಆಡಿದ ಮಾತು, "ಬಾಗಲಾ ಹಾಕ." ಅಡುಗೆಮನೆಯ ಬಾಗಿಲು ಹಾಕಿದೆ. ಸಂಜೆ ಅಪ್ಪ ಒಬ್ಬರೇ ಕೂತು ಅದನ್ನು ಓದಿದರು. ಓದಿ ಪತ್ರಿಕೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಮ್ಯಾಲ ಹೋಗಿ ಕೇಳ್ರಿ ಅಪ್ಪಾ" ಅಂದೆ ನಾನು. "ಕಾಲರ್ ಹಿಡದ ಕೇಳ್ರಿ."

"ಏನಂತ ಕೇಳ್ಲಿ? ನನ್ನ ಮಗಳ ಬೆನ್ನ ಯಾಕ ನೋಡಿದಿ ಅಂತ ಕೇಳಿದ್ರ, ಹೌದು, ನನ್ನ ಮಗಳಿಗಿ ಅದ ಐತಿ ಅಂತ ಒಪ್ಪಿಕೊಂಡಂಗ ಆತು. ಆ ಮನಿಷಾ ನಾಳಿ ನಾಕ ಮಂದಿ ಮುಂದ ಅದನ್ನ ಹೇಳ್ತಾನ."

ಕಲೆ ಮುಚ್ಚಿಟ್ಟವರು ನಾವು, ಆ ಮುಚ್ಚುಮರೆಯೇ ಅವನಿಗೆ ಕಾವಲಾಯಿತು. ಕಥೆಯ ದ್ರವ ಸುಳ್ಳಿರಬಹುದು, ಆದರೆ ಅವನನ್ನು ಯಾರ ಕಣ್ಣಿಗೂ ಕಾಣದಂತೆ ಮಾಡಿದ್ದು ನಾವೇ. ಮರುದಿನದಿಂದ ಅಕ್ಕ ಬೆಳಗಿನ ಕತ್ತಲಲ್ಲೇ ಎದ್ದು, ದೀಪ ಇಲ್ಲದೆ, ಸೀರೆ ಸುತ್ತಿಕೊಂಡೇ ನೀರು ಹಾಕಿಕೊಳ್ಳತೊಡಗಿದಳು.

ಅಪ್ಪ ಮಾಡಿದ ಒಂದೇ ಕೆಲಸ ಅಂದರೆ ಬಚ್ಚಲಿನ ಉಳಿದರ್ಧಕ್ಕೆ ತಗಡು ಹೊಚ್ಚಿಸಿದ್ದು. ಕೇಳಿದವರಿಗೆ ಮಳೆಗೆ ಅಂತ ಹೇಳಿದರು. ಕಾರ್ತಿಕದಲ್ಲಿ, ಸೊಲ್ಲಾಪುರದಲ್ಲಿ, ಮಳೆ! ತಗಡು ಹೊಚ್ಚುವ ದಿನ ಅವನು ಕೆಮ್ಮುತ್ತ ಇಳಿದು ಬಂದು ಏಣಿ ಹಿಡಿದುಕೊಂಡು ನಿಂತ. ಒಳ್ಳೆಯದು ಮಾಡಿದಿರಿ, ಹೊಗೆಗೊಂದು ಕೊಳವೆ ಇಟ್ಟರೆ ಸಾಕು ಅಂತ ಸಲಹೆ ಕೂಡ ಕೊಟ್ಟ. ಅಪ್ಪ, "ಹೌದ್ರಿ ಸರ್" ಅಂದರು. ಆ ಏಣಿಯನ್ನು ಒದೆಯುವ ಆಸೆ ನನಗೆ ಬಹಳ ಇತ್ತು, ಮೇಲಿದ್ದ ತಗಡಿನವನ ಹೆಂಡತಿ ಮಕ್ಕಳನ್ನು ನೆನೆದು ಸುಮ್ಮನಾದೆ.

ಕಥೆ ಊರೆಲ್ಲ ಓಡಾಡಿತು. ವಾಚನಾಲಯದಲ್ಲಿ ಆ ಅಂಕ ಒಂದು ದಿನ ಕಪಾಟಿನಲ್ಲಿ ನಿಲ್ಲಲಿಲ್ಲ. ಏನು ಕಲ್ಪನೆ, ಏನು ವಿನೋದ ಅಂತ ಜನ ಅವನನ್ನು ಬೀದಿಯಲ್ಲಿ ನಿಲ್ಲಿಸಿ ಹೊಗಳಿದರು. ಅದರ ಜೊತೆಗೇ ಇನ್ನೊಂದು ಪ್ರಶ್ನೆಯೂ ಎದ್ದಿತು. ಬರೆದವರು ಇದೇ ಪೇಠೆಯವರು, ಭೋಂಗಾ ಇಲ್ಲಿಯದೇ, ಬಂಬ ಇಲ್ಲಿಯದೇ, ಹಾಗಾದರೆ ಹುಡುಗಿ ಯಾರು? ನಮ್ಮನ್ನು ಬಚಾವು ಮಾಡುವುದಕ್ಕೋ ತನ್ನನ್ನು ಬಚಾವು ಮಾಡಿಕೊಳ್ಳುವುದಕ್ಕೋ ಅವನು ಕಥೆಯಲ್ಲಿ ಎರಡು ಬದಲಾವಣೆ ಮಾಡಿದ್ದ. ಹುಡುಗಿಯ ತಂದೆಯನ್ನು ಕಾರಕೂನ ಮಾಡಿದ್ದ, ಅಂಗಳದಲ್ಲಿ ತುಳಸಿಕಟ್ಟೆ ಇಟ್ಟಿದ್ದ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ತುಳಸಿಕಟ್ಟೆ ಇಲ್ಲ. ಎದುರು ಮನೆಯಲ್ಲಿತ್ತು. ಎದುರು ಮನೆಯವರು ಕಚೇರಿಯಲ್ಲಿ ಕಾರಕೂನರು. ಅವರಿಗೆ ಲಗ್ನಕ್ಕೆ ಬಂದ ಮಗಳೂ ಇದ್ದಳು, ಅಕ್ಕನ ಜೊತೆ ಶಾಲೆ ಕಲಿತವಳು.

ಮಾರ್ಗಶಿರದಲ್ಲಿ ಆ ಹುಡುಗಿಯನ್ನು ನೋಡಲು ಪಂಢರಪುರದ ಕಡೆಯಿಂದ ಬಂದರು. ಯಾರು ಹಚ್ಚಿಕೊಟ್ಟಿದ್ದರೋ, ಅವಲಕ್ಕಿ ತಿಂದ ಮೇಲೆ ವರನ ಅತ್ತೆ ಒಬ್ಬಳು, ಹುಡುಗಿಯ ಜೊತೆ ಸ್ವಲ್ಪ ಒಳಗೆ ಮಾತಾಡಬೇಕು ಅಂದಳಂತೆ. ಒಳಗೆ ಹೋಗಿ ಬಾಗಿಲು ಹಾಕಿ ಜಂಪರಿನ ಗುಂಡಿ ಬಿಚ್ಚಿಸಿ ಬೆನ್ನು ನೋಡಿದಳು. ಬೆನ್ನು ನೆಟ್ಟಗಿತ್ತು. ಆದರೂ ಹೆಸರು ಬಂದ ಮನೆ ಬೇಡ ಅಂತ ಎದ್ದು ಹೋದರು. ಆ ಹುಡುಗಿಯ ಅಳು ರಸ್ತೆ ದಾಟಿ ನಮ್ಮ ಪಡಸಾಲೆಗೆ ಕೇಳುತ್ತಿತ್ತು.

ನಮ್ಮ ಪಡಸಾಲೆಯಲ್ಲಿ ಅವ್ವ ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಿ ಕೇಳಿಸಿಕೊಂಡಳು. ಆಮೇಲೆ ದೇವರ ಕೋಣೆಯ ಕಡೆ ಮುಖ ಮಾಡಿ, "ನಮ್ಮ ಮ್ಯಾಲ ಬರ್ಲಿಲ್ಲ. ಅವ ದೊಡ್ಡಾಂವ" ಅಂದಳು.

ನಾನು ಅವ್ವನ ಮೇಲೆ ಜೀವಮಾನದಲ್ಲಿ ಅಷ್ಟು ಕೂಗಾಡಿದ್ದು ಅದೊಂದೇ ಸಲ. ಏನೇನು ಅಂದೆನೋ ನೆನಪಿಲ್ಲ. ಅವ್ವನೂ ಬಿಡಲಿಲ್ಲ. "ಅಕಿ ಬೆನ್ನ ನೆಟ್ಟಗೈತಿ, ಇಂದಲ್ಲ ನಾಳಿ ಅಕಿದ ಆಗ್ತದ. ನಿಮ್ಮಕ್ಕಂದು ಹೋದ್ರ ಹೋತು. ನೀ ಹಡದ ಮ್ಯಾಲ ನಿನಗ ತಿಳೀತದ" ಅಂದಳು. ನಾನು ಹಡೆದೆ, ಮೊಮ್ಮಕ್ಕಳನ್ನೂ ಕಂಡೆ. ಅವ್ವನ ಹೆದರಿಕೆ ಈಗ ನನಗೆ ತಿಳಿಯುತ್ತದೆ. ಅವಳು ದೇವರ ಕಡೆ ತಿರುಗಿ ಆಡಿದ ಆ ಮಾತನ್ನು ಮಾತ್ರ ನಾನು ಇನ್ನೂ ಕ್ಷಮಿಸಿಲ್ಲ.

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತು ನಮ್ಮಿಬ್ಬರ ಜಗಳ ಕೇಳುತ್ತಿದ್ದಳು. ನಾವು ಸುಮ್ಮನಾದ ಮೇಲೆ ಎದುರು ಮನೆಗೆ ಹೋದಳು. ಒಳಗೆ ಬಿಡಲಿಲ್ಲವಂತೆ. ಪೇಠೆಯ ಯಾರ ಮುಖವೂ ಆ ಹುಡುಗಿಗೆ ಬೇಡವಾಗಿತ್ತು. ಅಕ್ಕ ಹಾಗೇ ತಿರುಗಿ ಬಂದಳು.

ಅಷ್ಟರಲ್ಲಿ ಅಕ್ಕಲಕೋಟದಿಂದ ಇನ್ನೊಂದು ಸುದ್ದಿ ಬಂತು. ಹುಡುಗನ ಕಾಕಾ ಅಲ್ಲಿಯ ವಾಚನಾಲಯದ ಅಧ್ಯಕ್ಷರು. ಕಥೆ ಅವರಿಗೆ ಬಹಳ ಮೆಚ್ಚುಗೆಯಾಗಿತ್ತು. ಬರೆದವರು ನಮ್ಮ ಬೀಗರ ಮನೆಯ ಬಾಡಿಗೆದಾರರೇ ಅಂತ ಗೊತ್ತಾಗಿ ಹಿಗ್ಗೋ ಹಿಗ್ಗು. ಸಂಕ್ರಾಂತಿ ಮುಗಿದ ಮೇಲಿನ ರವಿವಾರ ಸರ್ ಅವರ ಭಾಷಣ ಇಡುತ್ತೇವೆ, ನೀವೇ ಕರೆದುಕೊಂಡು ಬರಬೇಕು, ಹಾಗೇ ಸಾಖರಪುಡಾದ ದಿನವನ್ನೂ ಗೊತ್ತು ಮಾಡೋಣ ಅಂತ ಅಪ್ಪನಿಗೆ ಹೇಳಿ ಕಳಿಸಿದರು. ಒಲ್ಲೆ ಅಂದರೆ ಯಾಕೆ ಅಂತ ಕೇಳುತ್ತಾರೆ. ಅಪ್ಪ ಒಲ್ಲೆ ಅನ್ನಲಿಲ್ಲ.

ಹೀಗೆ ನಾವು ನಾಲ್ವರೂ ಅವನೂ ಒಂದೇ ಎಸ್ಟಿ ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಹೋದೆವು. ಅಪ್ಪ ಅವನಿಗೆ ಕಿಡಕಿಯ ಪಕ್ಕದ ಸೀಟು ಹಿಡಿದುಕೊಟ್ಟರು, ಟಿಕೀಟೂ ತೆಗೆಸಿದರು. ದಾರಿಯುದ್ದಕ್ಕೂ ಅವನು ಅಪ್ಪನಿಗೆ ಚಂದ್ರನ ಮೇಲೆ ಇಳಿದವರ ಬಗ್ಗೆ ಹೇಳಿದ. ಅಕ್ಕ ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತು ಎಳ್ಳುಬೆಲ್ಲ ತಿನ್ನುತ್ತಿದ್ದಳು. ನನಗೂ ಕೊಟ್ಟಳು. ನಾನು ಮುಷ್ಟಿಯಲ್ಲೇ ಹಿಡಿದುಕೊಂಡು ಕೂತೆ.

ವಾಚನಾಲಯದ ಹಾಲಿನಲ್ಲಿ ಜಮಖಾನೆ ಹಾಸಿದ್ದರು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಹುಡುಗ ಎರಡನೇ ಸಾಲಿನಲ್ಲಿದ್ದ. ಅಕ್ಕನನ್ನು ನೋಡಿ ಕಣ್ಣಲ್ಲೇ ನಕ್ಕ. ಅಕ್ಕನೂ ನಕ್ಕಳು, ಆಮೇಲೆ ಮುಖ ಆಚೆ ಮಾಡಿದಳು. ಪ್ರಾಧ್ಯಾಪಕನಿಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಅವನು ಒಂದು ಗಂಟೆ ಮಾತಾಡಿದ. ವಿಜ್ಞಾನಿಗೆ ಶಕ್ತಿ ಬಂದಾಗ ನೀತಿಯ ಜವಾಬ್ದಾರಿಯೂ ಬರುತ್ತದೆ ಅಂದ. ನೀತಿ ಅನ್ನುವಾಗ ಬೆರಳು ಎತ್ತಿದ. ಜನ ಚಪ್ಪಾಳೆ ಹೊಡೆದರು. ನಾನು ಕೈ ಕಚ್ಚಿಕೊಂಡು ಕೂತಿದ್ದೆ. ಕಡೆಗೆ ಹುಡುಗನ ಕಾಕಾ ಎದ್ದು, ಯಾರಿಗಾದರೂ ಪ್ರಶ್ನೆ ಇದ್ದರೆ ಕೇಳಬಹುದು ಅಂದರು. ಇಂಥ ಸಭೆಯಲ್ಲಿ ಯಾರೂ ಕೇಳುವುದಿಲ್ಲ, ಚಹಾದ ವಾಸನೆ ಆಗಲೇ ಬಂದಿರುತ್ತದೆ.

ಅಕ್ಕ ಎದ್ದು ನಿಂತಳು. ಅವ್ವ ಅವಳ ಸೀರೆಯ ಅಂಚು ಹಿಡಿದಳು. ಅಕ್ಕ ಬಿಡಿಸಿಕೊಂಡಳು. ಅಲ್ಲಿಯವರೆಗೆ ಎಲ್ಲ ಮರಾಠಿಯಲ್ಲಿ ನಡೆದಿತ್ತು. ಅಕ್ಕ ಕನ್ನಡದಲ್ಲಿ ಕೇಳಿದಳು. ಅಕ್ಕಲಕೋಟದಲ್ಲಿ ಅದು ತಿಳಿಯದವರು ಯಾರೂ ಇರಲಿಲ್ಲ.

"ಸರ್, ನಿಮ್ಮ ಕಥಿಯಾಗ ಹುಡುಗಿ ಬೆನ್ನ ಮ್ಯಾಲ ಬಿಳಿ ಕಲಿ ಐತ್ಯಲ್ರಿ, ಅದು ನಂದು. ಖರೇನ ಐತಿ. ನೀವು ಎಲ್ಲಿ ನಿಂತ ನೋಡಿದ್ರಿ?"

ಹಾಲಿನಲ್ಲಿ ಒಂದು ಕೆಮ್ಮೂ ಇರಲಿಲ್ಲ. ಅವನು ನೀರಿನ ಲೋಟ ಎತ್ತಿ ಮತ್ತೆ ಕೆಳಗಿಟ್ಟ. ಇದು ಕಾಲ್ಪನಿಕ, ಲೇಖಕನಿಗೆ ಒಳಗಣ್ಣು ಇರುತ್ತದೆ ಅಂತ ಮರಾಠಿಯಲ್ಲಿ ಶುರು ಮಾಡಿದ.

"ಒಳಗಣ್ಣಿಗೆ ಎಡಗಡಿ ಅಂತ ಹ್ಯಾಂಗ ಗೊತ್ತಾತ್ರಿ? ನಡುವ ಮಚ್ಚಿ ಐತಿ ಅಂತ ಹ್ಯಾಂಗ ಗೊತ್ತಾತು?"

ಆಗ ಅವನು ಜೀವಮಾನದ ತಪ್ಪು ಮಾಡಿದ. ಪಾಠ ಹೇಳಿ ಹೇಳಿ ರೂಢಿಯಾದ ಬಾಯಿಗೆ, ಪ್ರಶ್ನೆ ಬಂದರೆ ಉತ್ತರ ಕೊಡದೆ ಇರಲು ಆಗಲಿಲ್ಲ. ಸಿಟ್ಟಿನಲ್ಲಿ ಧ್ವನಿ ಏರಿಸಿ ಮರಾಠಿಯಲ್ಲೇ ಹೇಳಿದ: "ನಿಮ್ಮ ಹೆಸರು ಎಲ್ಲಿ ಬರೆದಿದ್ದೀನಿ ನಾನು? ಕಾರಕೂನನ ಮಗಳು ಅಂತ ಮಾಡಿದ್ದೀನಿ, ತುಳಸಿಕಟ್ಟೆ ಇಟ್ಟಿದ್ದೀನಿ. ನಿಮ್ಮ ಮನೆ ಅಂತ ಯಾರಿಗೂ ಗೊತ್ತಾಗಬಾರದು ಅಂತಲೇ ಎಲ್ಲ ಬದಲಿಸಿದ್ದೀನಲ್ಲ!"

ಹೇಳಿದ ಮೇಲೆ ಅವನಿಗೇ ತಿಳಿಯಿತು.

ಅಕ್ಕ ಜನರ ಕಡೆ ತಿರುಗಿದಳು. "ನಮ್ಮ ಎದರಿನ ಮನಿ ಹುಡುಗಿ ಬೆನ್ನ ಮ್ಯಾಲ ಏನೂ ಇಲ್ರಿ. ಇದನ್ನ ನಿಮಗ ಗೊತ್ತಿದ್ದವರಿಗೆಲ್ಲ ಹೇಳ್ರಿ" ಅಂದು ಕೂತಳು.

ನೋಡಿದವನು ಸಿಕ್ಕಿಬಿದ್ದ, ಇನ್ನು ಜನ ಅವನ ಮುಖಕ್ಕೆ ಉಗಿಯುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಹದಿನೇಳರ ಹುಡುಗಿ, ಹಾಗೇ ಅಂದುಕೊಳ್ಳಬೇಕು. ಕಾಕಾ ಅವಸರದಿಂದ ಆಭಾರ ಹೇಳಿದರು. ಚಹಾ ಬಂತು. ಗಂಡಸರು ಕಪ್ಪು ಬಸಿ ಹಿಡಿದು ಅವನ ಸುತ್ತ ನಿಂತು, ಹೋಗಲಿ ಬಿಡ್ರಿ ಸರ್, ಹುಡುಗಿಗೆ ತಲೆ ಸರಿ ಇದ್ದಂಗಿಲ್ಲ ಅಂತ ಸಮಾಧಾನ ಹೇಳಿದರು. ನಮ್ಮ ಜಮಖಾನೆಯ ಮೇಲೆ ನಾವು ಮೂವರೇ ಉಳಿದೆವು. 

ಹುಡುಗನ ತಾಯಿ ಚಹಾದ ತಾಟು ಹಿಡಿದು ನಮ್ಮ ಹತ್ತಿರ ಬರುವ ಹೊತ್ತಿಗೆ ಆಚೆ ತಿರುಗಿದಳು. ಹುಡುಗ ತನ್ನ ಚಪ್ಪಲಿ ಹುಡುಕುತ್ತಿದ್ದ. ಬಹಳ ಹೊತ್ತು ಹುಡುಕಿದ, ಅವು ಅವನ ಕಾಲಲ್ಲೇ ಇದ್ದವು. ಓದಲು ಏನು ಸೇರುತ್ತದೆ ಅಂತ ಕೇಳಿದ ಬಾಯಿ ಅವತ್ತು ತೆರೆಯಲಿಲ್ಲ. ಕಾಕಾ ಅಪ್ಪನನ್ನು ಬಾಗಿಲವರೆಗೆ ಕಳಿಸಿ, "ಮುಂದ ನೋಡೂಣಂತ್ರಿ" ಅಂದರು. ಅದರ ಅರ್ಥ ಹೇಳಿಕೊಡಬೇಕಾಗಿಲ್ಲ.

ಎದುರು ಮನೆಯ ಹುಡುಗಿಯ ಲಗ್ನ ಅದೇ ವೈಶಾಖದಲ್ಲಿ ಆಯಿತು. ಅಕ್ಕನ ಲಗ್ನಕ್ಕೆ ಬಹಳ ವರ್ಷ ಹಿಡಿಯಿತು. ಅವನು ತಿಂಗಳೊಳಗೆ ನಮ್ಮ ಖೋಲಿ ಬಿಟ್ಟ, ಕಾಲೇಜು ಬಿಡಲಿಲ್ಲ, ಬರೆಯುವುದನ್ನೂ ಬಿಡಲಿಲ್ಲ. ದಿವಾಳಿ ಅಂಕಗಳಲ್ಲಿ ಅವನ ಹೆಸರು ಬರುತ್ತಲೇ ಇತ್ತು. ನನ್ನ ಸಿಟ್ಟಿಗೆ ಇಷ್ಟು ವಯಸ್ಸಾದರೂ ಹಲ್ಲು ಬೀಳದೆ ಇರುವುದಕ್ಕೆ ಇದೂ ಒಂದು ಕಾರಣ. ಆದರೆ ಆ ರವಿವಾರದ ಸಂಜೆ ಇನ್ನೂ ಸ್ವಲ್ಪ ಉಳಿದಿದೆ.

ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ ಸ್ವಾಮಿಗಳ ಗುಡಿಯ ದರ್ಶನ ಮುಗಿಸಿದ ಜನ ಕಿಕ್ಕಿರಿದಿತ್ತು. ಹೇಗೋ ನುಗ್ಗಿ ಸೀಟು ಹಿಡಿದೆವು. ಅವ್ವ ನಾನು ಒಂದು ಕಡೆ, ಮುಂದಿನ ಸೀಟಿನಲ್ಲಿ ಅಪ್ಪ ಅಕ್ಕ. ಬಸ್ಸು ಬಿಟ್ಟಿತು. ಅಪ್ಪ ಮೆಲ್ಲಗೆ, "ಅದು ನಂದು ಅಂತ ಯಾಕ ಅಂದೀ ತಂಗಿ? ಬರೇ ಅವನ್ನ ಬೈದಿದ್ರ ಆಗ್ತಿದ್ದಿಲ್ಲೇನು?" ಅಂದರು.

"ಮತ್ತ ಯಾರದು ಅನ್ಲಿ ಅಪ್ಪಾ?" ಅಂದಳು ಅಕ್ಕ. "ಎದರ ಮನ್ಯಾಕಿದಾ?"

ಅಪ್ಪ ಕಿಡಕಿಯ ಹೊರಗೆ ನೋಡತೊಡಗಿದರು. ಬಸ್ಸು ಸ್ಟ್ಯಾಂಡಿನ ಬಾಗಿಲಲ್ಲಿ ಮತ್ತೆ ನಿಂತಿತು. ಕಂಡಕ್ಟರ್ ಯಾರನ್ನೋ ಹತ್ತಿಸಿಕೊಂಡ. ಅವನೇ. ಹೆಗಲ ಮೇಲೆ ಶಾಲು, ಕೈಯಲ್ಲಿ ತೆಂಗಿನಕಾಯಿ. ಜನರ ನಡುವೆ ದಾರಿ ಮಾಡಿಕೊಂಡು ಬಂದು ನಮ್ಮ ಸೀಟಿನ ಪಕ್ಕವೇ ನಿಲ್ಲಬೇಕಾಯಿತು. ಎಲ್ಲೂ ಜಾಗ ಇರಲಿಲ್ಲ. ಆಗ ಅಪ್ಪ, ನನ್ನ ಅಪ್ಪ, ಮೂರು ವರ್ಷದ ರೂಢಿಯಿಂದ, ತಮಗೇ ತಿಳಿಯದೆ ಅರ್ಧ ಎದ್ದರು. "ಬರ್ರಿ ಸರ್, ಕೂಡ್ರಿ."

ನನಗೆ ಚೀರಬೇಕು ಅನ್ನಿಸಿತು. ಅಕ್ಕ ಚೀರಲಿಲ್ಲ. ಅಪ್ಪನ ಕೋಟಿನ ಅಂಚು ಹಿಡಿದು ಕೆಳಗೆ ಎಳೆದಳು.

"ಕೂಡ್ರಿ ಅಪ್ಪಾ. ಅವರು ನಿಂತ ಬರ್ತಾರ."

ಅಪ್ಪ ಕೂತರು. ಅವನು ಮೇಲಿನ ಸಲಾಕೆ ಹಿಡಿದು ನಿಂತ. ಅಕ್ಕ ತಲೆ ಎತ್ತಿ ಅವನ ಮುಖವನ್ನೇ ನೋಡುತ್ತ ಕೂತಳು. ಅವನು ಆಚೆ ನೋಡಿದ, ಮೇಲೆ ನೋಡಿದ, ಶಾಲು ಸರಿಮಾಡಿಕೊಂಡ. ಅಕ್ಕ ಕಣ್ಣು ತೆಗೆಯಲಿಲ್ಲ. ಸಭೆಗೆ ಬಂದಿದ್ದ ಯಾರೋ ಹಿಂದಿನ ಸೀಟಿನಲ್ಲಿದ್ದರು. ಪಿಸುಮಾತು ಸೀಟಿನಿಂದ ಸೀಟಿಗೆ ಹೋಗಿ, ಸ್ವಲ್ಪ ಹೊತ್ತಿಗೆ ಕುತ್ತಿಗೆಗಳು ಒಂದೊಂದಾಗಿ ತಿರುಗಿದವು. ಕುಂಭಾರಿ ದಾಟುವಾಗ ಡ್ರೈವರ್ ಜೋರಾಗಿ ಬ್ರೇಕ್ ಹಾಕಿದ. ಅವನ ಕೈಯಿಂದ ತೆಂಗಿನಕಾಯಿ ಬಿದ್ದು ಉರುಳುತ್ತ ಬಂದು ಅಪ್ಪನ ಕಾಲಿಗೆ ತಾಗಿ ನಿಂತಿತು.

ಅಪ್ಪ ಅದನ್ನು ನೋಡಿದರು. ಅಕ್ಕನನ್ನು ನೋಡಿದರು. ಬಗ್ಗಲಿಲ್ಲ.